ಅಂಧತ್ವ ನಿವಾರಣೆಯಲ್ಲಿ ಉಳಿದಿರುವ ಕೆಲಸ

ದೃಷ್ಟಿಹೀನರಿಗೆ ಬೆಳಕನ್ನು ಕೊಡುವ ಕಾರ್ಯದಲ್ಲಿ ಕರ್ನಾಟಕದ ಹೆಸರು ಸಣ್ಣದಲ್ಲ. ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯು 1896ರಿಂದಲೂ ಜನಸೇವೆಯನ್ನು ಮಾಡುತ್ತ ಬಂದಿದೆ. ನಾಡಿನ ಉತ್ತರ ಭಾಗದ ಬೀಳಗಿಯಲ್ಲಿ ಜನಿಸಿದ ಡಾ. ಎಂ. ಸಿ. ಮೋದಿಯವರು ಊರೂರು ಸುತ್ತಿ, ಶಿಬಿರಗಳನ್ನು ಕೂಡಿಸಿ, ಅಸಂಖ್ಯ ಬಡಜನರ ಕಣ್ಣಿನ ಪೊರೆಯನ್ನು ತೆಗೆದುದನ್ನು ಹಿರಿಯರು ಇಂದಿಗೂ ಕೃತಜ್ಞತೆಯಿಂದ ಸ್ಮರಿಸುತ್ತಾರೆ. 1976ರಲ್ಲಿ ಕೇಂದ್ರ ಸರಕಾರದವರು ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿದ ಮೇಲೆ ಈ ಕಾರ್ಯಕ್ಕೆ ಇನ್ನಷ್ಟು ಬಲ ಬಂದಿತು. ಇವೆಲ್ಲವೂ ಸಂತೋಷದ ಸಂಗತಿಗಳೇ. ಆದರೆ ಪೊರೆಯನ್ನು ಗೆದ್ದ ಈ ವಿಧಾನಕ್ಕೆ ಸಿಕ್ಕದೆ ಉಳಿದ ರೋಗವೊಂದಿದೆ. ಅದೇ ಗ್ಲಾಕೋಮಾ.

ಕಣ್ಣಿನಿಂದ ಮೆದುಳಿಗೆ ನೋಟವನ್ನು ಒಯ್ಯುವ ನರವು ಕ್ರಮಕ್ರಮವಾಗಿ ಕ್ಷಯಿಸುವುದೇ ಈ ರೋಗದ ಸ್ವರೂಪ. ಕಣ್ಣಿನೊಳಗೆ ಸದಾ ಸ್ರವಿಸುವ ದ್ರವವು ಸರಾಗವಾಗಿ ಹೊರಗೆ ಹರಿಯದಿದ್ದಾಗ ಒಳಗಿನ ಒತ್ತಡವು ಹೆಚ್ಚುವುದು. ಆ ಒತ್ತಡವೇ ನರಕ್ಕೆ ಮುಖ್ಯ ಶತ್ರು. ಈ ರೋಗದ ಒಂದು ಬಗೆಯಲ್ಲಿ ತೀವ್ರವಾದ ನೋವು, ಕಣ್ಣು ಕೆಂಪಾಗುವುದು, ವಾಂತಿ ಮುಂತಾದ ಚಿಹ್ನೆಗಳು ಒಮ್ಮೆಲೆ ಕಾಣಿಸಿಕೊಳ್ಳುವುದುಂಟು. ಅಂಥವರನ್ನು ಅದೇ ದಿನ ಆಸ್ಪತ್ರೆಗೆ ಸೇರಿಸತಕ್ಕದ್ದು. ಆದರೆ ಬಹುಮಂದಿಯಲ್ಲಿ ನೋವೂ ಇಲ್ಲ, ಉರಿಯೂ ಇಲ್ಲ. ಮೊದಲು ಸುತ್ತಲಿನ ನೋಟವು ಕುಂದುತ್ತದೆ. ಎದುರಿನ ನೋಟವು ಕೊನೆಯವರೆಗೂ ಉಳಿದಿರುತ್ತದೆ. ಪತ್ರಿಕೆಯನ್ನು ಓದುವವನು, ಸೂಜಿಗೆ ದಾರ ಪೋಣಿಸುವವಳು, ತಮ್ಮ ಕಣ್ಣು ಚೆನ್ನಾಗಿದೆಯೆಂದೇ ನಂಬಿರುತ್ತಾರೆ. ಹೊಸ್ತಿಲು ಎಡವಿದಾಗ, ಬದಿಯಿಂದ ಬಂದ ಬಂಡಿ ಕಾಣದೆ ಹೋದಾಗ ಸಂಶಯ ಹುಟ್ಟುವಷ್ಟರಲ್ಲಿ ನರದ ಬಹುಭಾಗವು ನಾಶವಾಗಿರುತ್ತದೆ.

ಪೊರೆಗೂ ಗ್ಲಾಕೋಮಾಕ್ಕೂ ಇರುವ ಅಂತರವನ್ನು ವಾಚಕರು ಇಲ್ಲಿ ಚೆನ್ನಾಗಿ ಮನಗಾಣಬೇಕು. ಪೊರೆ ಬಂದವನಿಗೆ ತನ್ನ ಕಣ್ಣು ಮಂಜಾಗುತ್ತಿರುವುದು ತಿಳಿಯುತ್ತದೆ. ಅವನು ತಾನಾಗಿಯೇ ಶಿಬಿರಕ್ಕೆ ಬರುತ್ತಾನೆ. ಈ ವರ್ಷ ಬಾರದಿದ್ದರೆ ಮುಂದಿನ ವರ್ಷ ಬಂದರೂ ಹೆಚ್ಚಿನ ಪಕ್ಷ ಶಸ್ತ್ರಚಿಕಿತ್ಸೆಯಿಂದ ದೃಷ್ಟಿ ಮರಳುತ್ತದೆ. ಗ್ಲಾಕೋಮಾದಲ್ಲಿ ಒಮ್ಮೆ ಹೋದ ದೃಷ್ಟಿಯನ್ನು ಯಾವ ವೈದ್ಯನೂ ಮರಳಿ ತರಲಾರನು. ಹನಿ ಔಷಧ, ಲೇಸರ್, ಶಸ್ತ್ರಚಿಕಿತ್ಸೆ ಇವುಗಳಿಂದ ಉಳಿದಿರುವ ನೋಟವನ್ನು ಕಾಪಾಡಬಹುದು, ಅಷ್ಟೆ. ಹೀಗಿರಲು, ರೋಗಿಯು ಬಾಗಿಲಿಗೆ ಬರಲೆಂದು ಕಾದಿರುವ ವ್ಯವಸ್ಥೆಯಿಂದ ಈ ರೋಗಿಗೆ ಪ್ರಯೋಜನವಿಲ್ಲ.

ಭಾರತದಲ್ಲಿ ಸುಮಾರು 1 ಕೋಟಿ 20 ಲಕ್ಷ ಜನರು ಈ ರೋಗಕ್ಕೆ ಗುರಿಯಾಗಿದ್ದಾರೆಂದು ಅಂದಾಜು ಮಾಡಲಾಗಿದೆ. ಆಂಧ್ರ ಮತ್ತು ತಮಿಳು ನಾಡುಗಳಲ್ಲಿ ನಡೆದ ಸಮೀಕ್ಷೆಗಳಲ್ಲಿ ಪತ್ತೆಯಾದ ರೋಗಿಗಳ ಪೈಕಿ ಹತ್ತರಲ್ಲಿ ಒಂಬತ್ತು ಮಂದಿಗೆ ತಮಗೆ ಈ ರೋಗವಿದೆಯೆಂಬ ಅರಿವೇ ಇರಲಿಲ್ಲ. ನಮ್ಮ ನಾಡಿನ ಹಳ್ಳಿಗಳ ಸ್ಥಿತಿ ಇದಕ್ಕಿಂತ ಉತ್ತಮವಾಗಿದೆಯೆಂದು ಭಾವಿಸಲು ಕಾರಣವಿಲ್ಲ.

ಹಾಗಾದರೆ ಮಾಡತಕ್ಕುದೇನು? ಕೋಟ್ಯಂತರ ಜನರ ಕಣ್ಣುಗಳನ್ನು ಒಮ್ಮೆಗೇ ಪರೀಕ್ಷಿಸುವುದು ದುಸ್ಸಾಧ್ಯ. ಆದರೆ ಯಾರನ್ನು ಮೊದಲು ಪರೀಕ್ಷಿಸಬೇಕೆಂಬುದು ವೈದ್ಯಶಾಸ್ತ್ರಕ್ಕೆ ತಿಳಿದಿದೆ. ನಲವತ್ತು ವರ್ಷ ದಾಟಿದವರು, ಹೆಚ್ಚಿನ ಸಮೀಪದೃಷ್ಟಿಯುಳ್ಳವರು, ಸ್ಟೀರಾಯ್ಡ್ ಹನಿಗಳನ್ನು ವೈದ್ಯರ ಸಲಹೆಯಿಲ್ಲದೆ ಅಂಗಡಿಯಿಂದ ಕೊಂಡು ದೀರ್ಘಕಾಲ ಹಾಕಿಕೊಂಡವರು ಅಪಾಯದಲ್ಲಿರುವವರು. ಎಲ್ಲಕ್ಕಿಂತ ಮಿಗಿಲಾಗಿ ರೋಗಿಯ ಒಡಹುಟ್ಟಿದವರೂ ಮಕ್ಕಳೂ ಗಮನಕ್ಕೆ ಅರ್ಹರು. ಹಾಲೆಂಡಿನ ರಾಟರ್‌ಡ್ಯಾಮ್ ನಗರದಲ್ಲಿ ನಡೆದು 1998ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ, ಇಂಥ ಬಂಧುಗಳಿಗೆ ಜೀವಮಾನದಲ್ಲಿ ಈ ರೋಗವುಂಟಾಗುವ ಸಂಭವವು ನೂರಕ್ಕೆ 22ರಷ್ಟೆಂದೂ, ರೋಗವಿಲ್ಲದವರ ಬಂಧುಗಳಿಗೆ ನೂರಕ್ಕೆ 2.3ರಷ್ಟೆಂದೂ ಕಂಡುಬಂದಿತು. ಎಂದ ಮೇಲೆ ಆಸ್ಪತ್ರೆಯ ದಫ್ತರದಲ್ಲಿರುವ ಪ್ರತಿಯೊಬ್ಬ ರೋಗಿಯ ಹೆಸರೂ ಒಂದು ಕುಟುಂಬದ ವಿಳಾಸವೇ ಸರಿ. ಆ ವಿಳಾಸವು ಆ ಊರಿನ ಆಶಾ ಕಾರ್ಯಕರ್ತೆಗೆ ತಲುಪಿ, ಆಕೆಯು ಆ ಮನೆಯವರನ್ನು ಪರೀಕ್ಷೆಗೆ ಕರೆತರುವ ಏರ್ಪಾಡು ಎಲ್ಲ ಜಿಲ್ಲೆಗಳಲ್ಲಿಯೂ ಆಗಬೇಕು. ಇದಕ್ಕೆ ಹೊಸ ಕಟ್ಟಡವೂ ಬೇಡ, ಹೊಸ ಇಲಾಖೆಯೂ ಬೇಡ. ಒಂದು ಪಟ್ಟಿಯೂ ಅದನ್ನು ನಡೆಸುವ ಶ್ರದ್ಧೆಯೂ ಸಾಕು.

ಪರೀಕ್ಷೆಯಾದರೂ ಸರಿಯಾಗಿ ನಡೆಯತಕ್ಕದ್ದು. ಒತ್ತಡವನ್ನು ಮಾತ್ರ ಅಳೆದು ಕಳುಹಿಸುವುದು ಸಾಲದು; ಅದು ಸಾಧಾರಣ ಮಿತಿಯಲ್ಲಿದ್ದರೂ ನರವು ಕೆಡುವುದುಂಟು. ಆದುದರಿಂದ ಕಣ್ಣಿನ ಹಿಂಭಾಗದ ನರವನ್ನು ನೋಡಲೇಬೇಕು. ಪ್ರತಿಯೊಂದು ಹೋಬಳಿಗೂ ನೇತ್ರವೈದ್ಯರು ದೊರೆಯಲಾರರೆಂಬುದು ನಿಜವೇ. ಆದರೆ ಹೈದರಾಬಾದಿನ ಎಲ್. ವಿ. ಪ್ರಸಾದ್ ಸಂಸ್ಥೆಯವರೂ ಮಧುರೆಯ ಅರವಿಂದ ಆಸ್ಪತ್ರೆಯವರೂ ಗ್ರಾಮಾಂತರಗಳಲ್ಲಿ ಸ್ಥಿರವಾದ ದೃಷ್ಟಿಕೇಂದ್ರಗಳನ್ನು ತೆರೆದಿದ್ದಾರೆ. ತರಬೇತಿ ಪಡೆದ ಸಹಾಯಕರು ಅಲ್ಲಿ ಪರೀಕ್ಷೆ ಮಾಡುತ್ತಾರೆ. ದೂರದ ಆಸ್ಪತ್ರೆಯಲ್ಲಿರುವ ವೈದ್ಯರ ಸಲಹೆಯೂ ಅಲ್ಲಿಯೇ ದೊರೆಯುವಂತೆ ಅನುಕೂಲಗಳನ್ನು ಕಲ್ಪಿಸಲಾಗಿದೆ. ನಮ್ಮ ಸರಕಾರದ ಆಶಾಕಿರಣ ಯೋಜನೆಯಡಿ ಕೆಲವು ಜಿಲ್ಲೆಗಳಲ್ಲಿ ಮನೆಮನೆಗೆ ಹೋಗಿ ದೃಷ್ಟಿಪರೀಕ್ಷೆ ಮಾಡಿಸಿ ಕನ್ನಡಕಗಳನ್ನು ಕೊಡಿಸಿರುವುದು ಅಭಿನಂದನೀಯ. ಆದರೆ ಅಕ್ಷರಫಲಕವನ್ನು ಓದಿಸುವುದರಿಂದ ಗ್ಲಾಕೋಮಾ ಹೊರಬೀಳದು. ಮನೆಯ ಬಾಗಿಲಿನವರೆಗೆ ಹೋದವರು ಇನ್ನೊಂದು ಹೆಜ್ಜೆ ಮುಂದಿಡಲೆಂಬುದೇ ನಮ್ಮ ಬಿನ್ನಹ.

ರೋಗವನ್ನು ಕಂಡುಹಿಡಿದು ಔಷಧವನ್ನು ಕೊಡದಿರುವುದು ಕ್ರೌರ್ಯವಾದೀತು. ಗ್ಲಾಕೋಮಾ ರೋಗಿಯು ಸಾಮಾನ್ಯವಾಗಿ ಜೀವಮಾನವೆಲ್ಲ ಪ್ರತಿದಿನವೂ ಹನಿ ಹಾಕಿಕೊಳ್ಳಬೇಕು. ಕೂಲಿಕಾರನು ಸೀಸೆಗಾಗಿ ಪಟ್ಟಣಕ್ಕೆ ಬಂದರೆ ಅಂದಿನ ಕೂಲಿಯೂ ಹೋಯಿತು, ಬಸ್ಸಿನ ಖರ್ಚೂ ಆಯಿತು. ನೋವಿಲ್ಲದ ಕಾಯಿಲೆಗೆ ಎಷ್ಟು ತಿಂಗಳು ಹೀಗೆ ಅಲೆದಾನು? ಟಿಮೊಲಾಲ್ ಎಂಬ ಹನಿಯು ದೇಶದ ಅತ್ಯಾವಶ್ಯಕ ಔಷಧಗಳ ಪಟ್ಟಿಯಲ್ಲಿಯೇ ಇದೆ. ಉಬ್ಬಸದವರಿಗೆ ಅದು ಅಪಾಯಕರವಾದುದರಿಂದ ನೇತ್ರವೈದ್ಯರು ಒಮ್ಮೆ ನಿಶ್ಚಯಿಸಿ ಬರೆದುಕೊಡಲಿ. ಆ ಬಳಿಕ ಪ್ರತಿ ತಿಂಗಳ ಔಷಧವು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ದೊರೆಯಲಿ. ರಕ್ತದೊತ್ತಡಕ್ಕೂ ಮಧುಮೇಹಕ್ಕೂ ಗುಳಿಗೆಗಳನ್ನು ಕೊಡುವ ಕೇಂದ್ರಗಳಿಗೆ ಇದು ಭಾರವೆನಿಸದು.

ಇನ್ನು ಪಟ್ಟಣವಾಸಿಗಳಾದ ನಮ್ಮ ಕರ್ತವ್ಯವೂ ಇದೆ. ಶಿಬಿರಗಳಿಗೆ ಉದಾರವಾಗಿ ಹಣವನ್ನು ಕೊಡುವ ವರ್ತಕರೂ ಸಂಘಸಂಸ್ಥೆಗಳವರೂ ಎಷ್ಟು ಶಸ್ತ್ರಚಿಕಿತ್ಸೆಗಳಾದುವೆಂದು ಕೇಳುವಂತೆಯೇ, ಎಷ್ಟು ಕಣ್ಣುಗಳ ನರವನ್ನು ಪರೀಕ್ಷಿಸಲಾಯಿತು, ಕಳೆದ ವರ್ಷ ಪತ್ತೆಯಾದವರಲ್ಲಿ ಎಷ್ಟು ಮಂದಿ ಇನ್ನೂ ಔಷಧ ಪಡೆಯುತ್ತಿದ್ದಾರೆ ಎಂದೂ ಕೇಳಲಿ. ಅಧಿಕಾರಿಗಳು ತಮ್ಮ ವರದಿಗಳಲ್ಲಿ ಆ ಅಂಕಿಗಳಿಗೆ ಸ್ಥಾನ ಕೊಡಲಿ. ಉಳಿಸಿದ ಕಣ್ಣಿಗೆ ಮೆರವಣಿಗೆಯಿಲ್ಲ, ಪಟ್ಟಿ ಬಿಚ್ಚುವ ಸಮಾರಂಭವಿಲ್ಲ. ಅದಕ್ಕಾಗಿ ಈ ಸೇವೆಯ ಬೆಲೆ ಕಡಮೆಯಾಗದು. ದುಡಿಯುವ ಪ್ರಜೆಯ ದೃಷ್ಟಿಯು ಅವನ ಸಂಸಾರದ ಅನ್ನ. ಅದು ನಂದಿದ ಮೇಲೆ ಕೊಡುವ ಮಾಸಾಶನಕ್ಕಿಂತ ನಂದದಂತೆ ಕಾಪಾಡುವ ಏರ್ಪಾಡೇ ಸ್ವತಂತ್ರ ರಾಷ್ಟ್ರಕ್ಕೆ ಶೋಭಿಸುವಂಥದು.