ಮಗು ಒಪ್ಪುವ ರಾಗಿ ಬಿಸ್ಕತ್ತು: ಸಣ್ಣ ಬೇಕರಿಗಳ ಮುಂದಿರುವ ಅವಕಾಶ

ಮೈಸೂರು ಸೀಮೆಗೆ ರಾಗಿ ಹೊಸ ಪದಾರ್ಥವೇನಲ್ಲ. ಮುದ್ದೆ, ರೊಟ್ಟಿ, ಅಂಬಲಿ, ಹುರಿಹಿಟ್ಟುಗಳನ್ನು ಉಂಡು ಬೆಳೆದ ಹಿರಿಯರು ಇಲ್ಲಿ ಮನೆಮನೆಯಲ್ಲಿದ್ದಾರೆ. ಆದರೆ ಅದೇ ಮನೆಗಳಲ್ಲಿ ಮುದ್ದೆಯನ್ನು ಕಂಡೊಡನೆ ಮುಖ ತಿರುಗಿಸುವ ಮಕ್ಕಳೂ ಇದ್ದಾರೆ. ಇಂತಹ ಮಕ್ಕಳಿಗೆ ರಾಗಿಯನ್ನು ಬಿಸ್ಕತ್ತಿನ ರೂಪದಲ್ಲಿ ಕೊಡುವುದು ಸುಲಭದ ಉಪಾಯ. ಮನೆಯಲ್ಲಿ ಬೇಯಿಸಲು ಬಿಡುವಿಲ್ಲದ ತಂದೆತಾಯಂದಿರಿಗೆ ಬೇಕಾಗಿರುವುದು ಮನೆಯ ತಿಂಡಿಯಷ್ಟೇ ನಂಬಬಹುದಾದ ಬೇಕರಿ ತಿಂಡಿ. ಸಣ್ಣ ಬೇಕರಿಗಳಿಗೂ, ಮನೆಯಲ್ಲಿಯೇ ತಯಾರಿಸಿ ಮಾರುವ ಮಹಿಳೆಯರಿಗೂ ಇದು ತಕ್ಕ ವ್ಯಾಪಾರ. ಮಗು ಒಪ್ಪುವ ರುಚಿ ಮತ್ತು ತಾಯಿ ನಂಬುವ ಲೇಬಲ್, ಇವೆರಡೇ ಇದರ ಬಂಡವಾಳ.

ಕಚ್ಚಾವಸ್ತುವಿನ ಅನುಕೂಲ

100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಮೈದಾದಲ್ಲಿ ಅದರ ಪ್ರಮಾಣ 20 ಮಿಲಿಗ್ರಾಂನ ಆಸುಪಾಸು. ರಾಗಿಯಲ್ಲಿ ನಾರಿನಂಶವೂ ಅಧಿಕ. ದೇಶದ ರಾಗಿ ಉತ್ಪಾದನೆಯಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಕರ್ನಾಟಕದ್ದಾದ್ದರಿಂದ ಕಚ್ಚಾವಸ್ತುವಿಗಾಗಿ ದೂರ ಹೋಗಬೇಕಾಗಿಲ್ಲ. 2023ನೆಯ ವರ್ಷವನ್ನು ವಿಶ್ವಸಂಸ್ಥೆಯು ಸಿರಿಧಾನ್ಯ ವರ್ಷವಾಗಿ ಆಚರಿಸಿತು. 2024ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಹಾಲಿನೊಡನೆ ರಾಗಿ ಮಾಲ್ಟ್ ನೀಡುವ ಕಾರ್ಯಕ್ರಮ ಆರಂಭವಾಯಿತು.

ತಯಾರಿಕೆಯ ಸೂಕ್ಷ್ಮಗಳು

ರಾಗಿಯಲ್ಲಿ ಗೋಧಿಯಲ್ಲಿರುವಂತೆ ಗ್ಲೂಟೆನ್ ಇಲ್ಲ. ಆದ್ದರಿಂದ ಬ್ರೆಡ್ಡು, ಬನ್ನುಗಳನ್ನು ರಾಗಿಯೊಂದರಿಂದಲೇ ಉಬ್ಬಿಸುವುದು ಕಷ್ಟ; ಉಬ್ಬುವ ಅಗತ್ಯ ಕಡಿಮೆಯಿರುವ ಬಿಸ್ಕತ್ತಿಗೆ ಅದು ಚೆನ್ನಾಗಿ ಒದಗುತ್ತದೆ. ಹಿಟ್ಟು ತರಿತರಿಯಾಗಿ ನಾಲಿಗೆಗೆ ಸಿಕ್ಕಿದರೆ ಮಗು ಎರಡನೆಯ ಬಿಸ್ಕತ್ತನ್ನು ಮುಟ್ಟದು. ಆದಕಾರಣ ನುಣ್ಣಗೆ ಬೀಸಿ ಜರಡಿ ಹಿಡಿಯುವುದು ಅವಶ್ಯ. ಅರಳಿಸಿದ ರಾಗಿಯ ಹುರಿಹಿಟ್ಟನ್ನು ಸೇರಿಸಿದರೆ ಪರಿಮಳ ಬರುತ್ತದೆ. ಮೊಳಕೆ ಬರಿಸಿದಾಗ ಪಿಷ್ಟದ ಒಂದಂಶ ಸಕ್ಕರೆಯಾಗಿ ಮಾರ್ಪಟ್ಟು ಸಹಜ ಸಿಹಿ ಹೆಚ್ಚುತ್ತದೆ.

ಬೆಲ್ಲವನ್ನು ಬಳಸುವವರು ಎರಡು ಸಂಗತಿಗಳನ್ನು ಗಮನಿಸಬೇಕು. ಬೆಲ್ಲ ತೇವವನ್ನು ಹೀರುವುದರಿಂದ ಬಿಸ್ಕತ್ತು ಬೇಗನೆ ಮೆತ್ತಗಾಗುತ್ತದೆ. ಗಾಳಿಯಾಡದ ಪೊಟ್ಟಣ ಬೇಕೇ ಬೇಕು. ಬೆಲ್ಲವೂ ಸೇರಿಸಿದ ಸಕ್ಕರೆಯೇ ಆಗಿರುವುದರಿಂದ 'ಸಕ್ಕರೆ ರಹಿತ' ಎಂದು ಮುದ್ರಿಸುವುದು ತಪ್ಪು.

ಲೇಬಲ್ ಮತ್ತು ನಿಯಮ

ಮೈದಾಕ್ಕೆ ಒಂದು ಹಿಡಿ ರಾಗಿ ಬೆರೆಸಿ 'ರಾಗಿ ಬಿಸ್ಕತ್ತು' ಎಂದು ಮಾರಿದರೆ ಮೊದಲು ನಷ್ಟವಾಗುವುದು ಪ್ರಾಮಾಣಿಕ ತಯಾರಕನಿಗೆ. ಅಗ್ಗದ ಸರಕಿನೊಡನೆ ಅವನು ಬೆಲೆಯಲ್ಲಿ ಸ್ಪರ್ಧಿಸಲಾರ. ಪೊಟ್ಟಣದ ಮೇಲೆ ಯಾವ ಪದಾರ್ಥಕ್ಕೆ ಒತ್ತು ಕೊಡಲಾಗಿದೆಯೋ ಅದರ ಶೇಕಡಾ ಪ್ರಮಾಣವನ್ನು ನಮೂದಿಸಬೇಕೆಂಬುದು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ. ರಾಗಿ ಹೆಚ್ಚಾಗಿ ಬಳಸುವವರಿಗೆ ಈ ಅಂಕಿಯೇ ಖರ್ಚಿಲ್ಲದ ಜಾಹೀರಾತು.

ಜಿಡ್ಡಿನ ವಿಷಯದಲ್ಲಿಯೂ ಎಚ್ಚರ ಅಗತ್ಯ. 2022ರ ಜನವರಿಯಿಂದ ಟ್ರಾನ್ಸ್ ಕೊಬ್ಬಿನ ಮಿತಿ ಶೇ. 2 ಆಗಿದೆ, ವನಸ್ಪತಿ ಕೊಳ್ಳುವಾಗ ಲೇಬಲ್ ನೋಡಬೇಕು, ಅಥವಾ ಬೆಣ್ಣೆ, ತುಪ್ಪಗಳನ್ನು ಹಿತಮಿತವಾಗಿ ಬಳಸಬೇಕು. ಕೊಬ್ಬು, ಸಕ್ಕರೆ, ಉಪ್ಪು ಅಧಿಕವಾಗಿರುವ ತಿನಿಸುಗಳನ್ನು ಶಾಲೆಯ ಆವರಣದಲ್ಲಿ ಹಾಗೂ ಗೇಟಿನಿಂದ 50 ಮೀಟರ್ ಒಳಗೆ ಮಕ್ಕಳಿಗೆ ಮಾರಬಾರದೆಂದು 2020ರ ನಿಯಮಾವಳಿ ಹೇಳುತ್ತದೆ. ರಾಗಿಯ ಹೆಸರಿದ್ದ ಮಾತ್ರಕ್ಕೆ ವಿನಾಯಿತಿ ದೊರೆಯದು. ಮನೆಯಲ್ಲಿ ತಯಾರಿಸಿ ಮಾರುವವರಿಗೂ ಪ್ರಾಧಿಕಾರದ ನೋಂದಣಿ ಕಡ್ಡಾಯ.

ತೆರಿಗೆಯ ಹೊರೆ ಮಾತ್ರ ತಗ್ಗಿದೆ. 2025ರ ಸೆಪ್ಟೆಂಬರ್ 22ರಿಂದ ಬಿಸ್ಕತ್ತು, ಕೇಕುಗಳ ಮೇಲಿನ ಜಿಎಸ್‌ಟಿ ಶೇ. 18ರಿಂದ ಶೇ. 5ಕ್ಕೆ ಇಳಿದಿದೆ.

ನೆರವು ಊರಿನಲ್ಲಿಯೇ

1950ರಲ್ಲಿ ಚೆಲುವಾಂಬ ಮ್ಯಾನ್ಷನ್‌ನಲ್ಲಿ ಆರಂಭವಾದ ಸಿಎಫ್‌ಟಿಆರ್‌ಐ ಸಂಸ್ಥೆಯಲ್ಲಿ ಹಿಟ್ಟು ಬೀಸುವಿಕೆ ಹಾಗೂ ಬೇಕಿಂಗ್ ತಂತ್ರಜ್ಞಾನಕ್ಕೆ ಪ್ರತ್ಯೇಕ ವಿಭಾಗವೇ ಇದೆ. ಸಂಸ್ಥೆಯು ತಂತ್ರಜ್ಞಾನ ವರ್ಗಾವಣೆ ಹಾಗೂ ಅಲ್ಪಾವಧಿ ತರಬೇತಿಗಳನ್ನು ನಡೆಸುತ್ತದೆ. ಬೇರೆ ಊರಿನವರು ಪ್ರಯಾಣ ಮಾಡಿ ಬಂದು ಪಡೆಯುವ ಈ ಸೌಲಭ್ಯವನ್ನು ನಗರದ ಉದ್ದಿಮೆದಾರರು ಬಳಸಿಕೊಳ್ಳಬೇಕು. ಆರಂಭದಲ್ಲಿ ಒಂದೇ ಬಗೆಯ ಬಿಸ್ಕತ್ತನ್ನು ಸ್ವಲ್ಪವೇ ತಯಾರಿಸಿ, ನೆರೆಹೊರೆಯ ಮಕ್ಕಳ ಕೈಗೆ ಕೊಟ್ಟು ನೋಡುವುದು ಲೇಸು. ಮಕ್ಕಳು ದಾಕ್ಷಿಣ್ಯಕ್ಕೆ ತಿನ್ನುವುದಿಲ್ಲ. ಅವರು ಮತ್ತೆ ಕೇಳಿದ ಮೇಲೆ ಯಂತ್ರಕ್ಕೆ ಬಂಡವಾಳ ಹೂಡಿದರಾಯಿತು.