ಮದ್ದಿನ ಹೆಸರು

ನಮ್ಮ ದೇವರಾಜ ಮಾರುಕಟ್ಟೆಯ ಬಳಿಯ ಗ್ರಂಥಿಗೆ ಅಂಗಡಿಯೊಂದಕ್ಕೆ ಹೋಗಿ ‘ಬ್ರಾಹ್ಮಿ ಕೊಡಿ’ ಎಂದು ಕೇಳಿದರೆ ಅಂಗಡಿಯವರು ಯಾವುದನ್ನು ಕೊಡಬೇಕು? ತಂಬುಳಿಗೆ ಹಾಕುವ ಒಂದೆಲಗವನ್ನೇ ಬ್ರಾಹ್ಮಿಯೆಂದು ಕರೆಯುವವರು ಬಹು ಮಂದಿ. ಜೌಗು ನೆಲದಲ್ಲಿ ಹಬ್ಬುವ ನೀರುಬ್ರಾಹ್ಮಿಯೇ ನಿಜವಾದ ಬ್ರಾಹ್ಮಿಯೆಂದು ಹೇಳುವ ವೈದ್ಯರೂ ಉಂಟು. ಹೆಸರು ಒಂದು, ಗಿಡ ಎರಡು. ಇದಕ್ಕೆ ವಿರುದ್ಧವಾಗಿ ಅಮೃತಬಳ್ಳಿಯೆಂಬ ಒಂದೇ ಬಳ್ಳಿಗೆ ಗುಡೂಚಿ, ಮಧುಪರ್ಣೀ, ಕತ್ತರಿಸಿದರೂ ಮತ್ತೆ ಚಿಗುರುವುದರಿಂದ ಛಿನ್ನರುಹಾ, ಎಂದು ಹಲವು ಹೆಸರುಗಳು. ಒಂದೆಲಗದ ವಿಷಯದಲ್ಲಿ ಈ ಗೊಂದಲದಿಂದ ಹೆಚ್ಚಿನ ಕೇಡಾಗದಿರಬಹುದು. ಆದರೆ ಆಸ್ಪತ್ರೆಯ ವಾರ್ಡಿನಲ್ಲಿ, ರಾತ್ರಿಯ ಪಾಳಿಯಲ್ಲಿ, ಕೈಯಲ್ಲಿ ಸೂಜಿ ಹಿಡಿದು ನಿಂತ ಶುಶ್ರೂಷಕಿಗೆ ಇದೇ ಪ್ರಶ್ನೆ ಎದುರಾದಾಗ ಅದು ಪ್ರಾಣದ ಪ್ರಶ್ನೆಯಾಗುತ್ತದೆ. ಆದುದರಿಂದ ಶುಶ್ರೂಷೆಯನ್ನು ಕಲಿಯುತ್ತಿರುವ ವಿದ್ಯಾರ್ಥಿಗಳನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡು, ಮದ್ದುಗಳಿಗೆ ಹೆಸರಿಡುವ ಮತ್ತು ಅವುಗಳನ್ನು ವರ್ಗೀಕರಿಸುವ ಬಗೆಯನ್ನು ಈ ಹೊತ್ತು ವಿಚಾರ ಮಾಡೋಣ. ಮನೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವ ಇತರ ಶ್ರೋತೃಗಳಿಗೂ ಇದು ಬೇಕಾದ ವಿಷಯವೇ ಆಗಿದೆ.

ಈಗಿನ ಪ್ರತಿಯೊಂದು ಮದ್ದಿಗೂ ಸಾಮಾನ್ಯವಾಗಿ ಮೂರು ಹೆಸರುಗಳಿರುತ್ತವೆ. ಮೊದಲನೆಯದು ರಾಸಾಯನಿಕನಾಮ. ಜ್ವರಕ್ಕೆ ನಾವೆಲ್ಲರೂ ನುಂಗುವ ಗುಳಿಗೆಯನ್ನು ರಸಾಯನಶಾಸ್ತ್ರಜ್ಞರು ‘ಎನ್-(4-ಹೈಡ್ರಾಕ್ಸಿಫೀನೈಲ್) ಅಸಿಟಮೈಡ್’ ಎನ್ನುತ್ತಾರೆ. ಇದು ಪದಾರ್ಥದ ರಚನೆಯನ್ನು ಹೇಳುತ್ತದೆಯೇ ಹೊರತು ಹಾಸಿಗೆಯ ಪಕ್ಕದಲ್ಲಿ ಉಪಯೋಗಕ್ಕೆ ಬಾರದು. ಎರಡನೆಯದು ಸಾಮಾನ್ಯನಾಮ, ಜೆನೆರಿಕ್ ಹೆಸರೆಂದು ಈಗ ಹೇಳುವುದು ಇದನ್ನೇ. ಅದೇ ಗುಳಿಗೆಯ ಸಾಮಾನ್ಯನಾಮ ಪ್ಯಾರಾಸಿಟಮಾಲ್. ಇದು ಯಾವ ಕಂಪೆನಿಯ ಸ್ವತ್ತೂ ಅಲ್ಲ. ಮೂರನೆಯದು ವ್ಯಾಪಾರನಾಮ, ತಯಾರಕರು ತಮ್ಮ ಸರಕಿಗೆ ತಾವೇ ಇಟ್ಟುಕೊಂಡದ್ದು. ಕ್ರೋಸಿನ್, ಕ್ಯಾಲ್ಪಾಲ್, ಬೆಂಗಳೂರಿನ ಕಂಪೆನಿಯೊಂದು ತಯಾರಿಸುವ ಡೋಲೊ, ಇವೆಲ್ಲವೂ ಒಂದೇ ಪ್ಯಾರಾಸಿಟಮಾಲಿನ ಬೇರೆ ಬೇರೆ ಅಂಗಿಗಳು.

ಅಂಗಿಯನ್ನು ನೋಡಿ ಆಳನ್ನು ಗುರುತಿಸುವುದರಲ್ಲಿ ಅಪಾಯವಿದೆ. ಆರೋಗ್ಯವಂತರಾದ ವಯಸ್ಕರಿಗೆ ದಿನವೊಂದಕ್ಕೆ 4 ಗ್ರಾಂ ಪ್ಯಾರಾಸಿಟಮಾಲು ಮೇಲಿನ ಮಿತಿ. ಅದನ್ನು ಮೀರಿದರೆ ಯಕೃತ್ತಿಗೆ ಹಾನಿಯಾಗಬಹುದು. 650 ಮಿಲಿಗ್ರಾಮಿನ ಗುಳಿಗೆಗಳನ್ನು ಆರು ನುಂಗಿದರೆ 3,900 ಮಿಲಿಗ್ರಾಂ ಆಗಿಹೋಯಿತು. ಜ್ವರಕ್ಕೆಂದು ಒಂದು ಹೆಸರಿನ ಗುಳಿಗೆ, ನೆಗಡಿಗೆಂದು ಇನ್ನೊಂದು ಹೆಸರಿನ ಗುಳಿಗೆ, ಮೈಕೈ ನೋವಿಗೆಂದು ಮತ್ತೊಂದು, ಹೀಗೆ ಸೇವಿಸುವವರು ಮೂರು ಮದ್ದು ತೆಗೆದುಕೊಂಡೆವೆಂದು ತಿಳಿದಿರುತ್ತಾರೆ. ಮೂರರಲ್ಲಿಯೂ ಅಡಗಿರುವುದು ಪ್ಯಾರಾಸಿಟಮಾಲೇ ಆಗಿರಬಹುದು. ಪೊಟ್ಟಣದ ಮೇಲಣ ಸಾಮಾನ್ಯನಾಮವನ್ನು ಓದಿದವರಿಗೆ ಮಾತ್ರ ಈ ಮೋಸ ತಿಳಿಯುತ್ತದೆ. ನಮ್ಮ ದೇಶದಲ್ಲಿ 2018ರಿಂದ ಸಾಮಾನ್ಯನಾಮವನ್ನು ವ್ಯಾಪಾರನಾಮಕ್ಕಿಂತ ಎರಡಳತೆ ದೊಡ್ಡ ಅಕ್ಷರಗಳಲ್ಲಿ ಮುದ್ರಿಸಬೇಕೆಂಬ ನಿಯಮ ಬಂದಿದೆ. ಕೆಲವು ಮಿಶ್ರಣಗಳಿಗೆ ಮಾತ್ರ ವಿನಾಯಿತಿ ಉಂಟು.

ಸಾಮಾನ್ಯನಾಮಕ್ಕೆ ಇನ್ನೊಂದು ದೊಡ್ಡ ಗುಣವಿದೆ. ಅದು ಮದ್ದಿನ ಕುಲವನ್ನು ಹೇಳುತ್ತದೆ. ಲೋಕಕ್ಕೆಲ್ಲ ಒಪ್ಪಿಗೆಯಾಗುವ ಹೆಸರುಗಳನ್ನು ಗೊತ್ತುಮಾಡುವ ಕಾರ್ಯವನ್ನು ವಿಶ್ವ ಆರೋಗ್ಯ ಸಂಸ್ಥೆಯು 1950ರಲ್ಲಿ ಕೈಗೊಂಡು 1953ರಲ್ಲಿ ಮೊದಲ ಪಟ್ಟಿಯನ್ನು ಪ್ರಕಟಿಸಿತು. ಈ ಪದ್ಧತಿಯಲ್ಲಿ ಒಂದು ಕುಲದ ಮದ್ದುಗಳಿಗೆಲ್ಲ ಒಂದೇ ಪ್ರತ್ಯಯವನ್ನು ಕೊಡುತ್ತಾರೆ. ಅಟೆನೊಲಾಲ್, ಮೆಟೊಪ್ರೊಲಾಲ್ ಎಂದು ‘ಒಲಾಲ್’ನಿಂದ ಮುಗಿದರೆ ಹೃದಯದ ಬಡಿತವನ್ನು ನಿಧಾನಗೊಳಿಸುವ ವರ್ಗ, ಕೊಡುವುದಕ್ಕೆ ಮೊದಲು ನಾಡಿಯನ್ನು ಎಣಿಸಬೇಕು. ‘ಪ್ರಿಲ್’, ‘ಸಾರ್ಟನ್’, ‘ಡಿಪಿನ್’ ಎಂಬ ಕೊನೆಗಳು ರಕ್ತದ ಒತ್ತಡವನ್ನು ಇಳಿಸುವ ಮೂರು ಬೇರೆ ಬೇರೆ ವರ್ಗಗಳನ್ನೂ, ‘ಸ್ಟಾಟಿನ್’ ಕೊಲೆಸ್ಟರಾಲನ್ನು ತಗ್ಗಿಸುವುದನ್ನೂ, ‘ಪ್ರಜೋಲ್’ ಹೊಟ್ಟೆಯ ಆಮ್ಲವನ್ನು ಕಡಮೆ ಮಾಡುವುದನ್ನೂ ಸೂಚಿಸುತ್ತವೆ.

ಇದರ ಪ್ರಯೋಜನವು ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಪೆನಿಸಿಲಿನ್ನಿನಲ್ಲಿ. ಪೆನಿಸಿಲಿನ್ ಒಗ್ಗದ ರೋಗಿಯೊಬ್ಬರಿಗೆ ಆಗ್ಮೆಂಟಿನ್ ಎಂದು ಚೀಟಿಯಲ್ಲಿ ಬರೆದುಬಂದಿದೆಯೆಂದು ಇಟ್ಟುಕೊಳ್ಳೋಣ. ಈ ಹೆಸರಿನಲ್ಲಿ ಎಚ್ಚರಿಕೆಯ ಮಾತು ಒಂದೂ ಇಲ್ಲ. ಪೊಟ್ಟಣವನ್ನು ತಿರುವಿ ನೋಡಿದರೆ ಅಮಾಕ್ಸಿಸಿಲಿನ್ ಮತ್ತು ಕ್ಲಾವುಲಾನಿಕ್ ಆಮ್ಲ ಎಂದು ಕಾಣುತ್ತದೆ. ಆ ‘ಸಿಲಿನ್’ ಎಂಬ ಕೊನೆಯೇ ಎಚ್ಚರಿಕೆಯ ಗಂಟೆ. ಅದನ್ನು ಕೇಳಿಸಿಕೊಂಡ ವಿದ್ಯಾರ್ಥಿನಿ ಕೈಯನ್ನು ಅಲ್ಲಿಯೇ ತಡೆದು ಡಾಕ್ಟರನ್ನು ಕರೆಯುತ್ತಾಳೆ. ಕೇಳಿಸಿಕೊಳ್ಳದಿದ್ದರೆ ಕೆಲವು ನಿಮಿಷಗಳಲ್ಲಿ ರೋಗಿಗೆ ಉಸಿರು ಕಟ್ಟಬಹುದು. ‘ಸೆಫ್’ ಎಂದು ಆರಂಭವಾಗುವ ಮದ್ದುಗಳು ಪೆನಿಸಿಲಿನ್ನಿನ ದಾಯಾದಿಗಳು; ಅಂತಹ ರೋಗಿಗೆ ಅವುಗಳನ್ನು ಕೊಡುವ ಮುನ್ನವೂ ಡಾಕ್ಟರಿಗೆ ತಿಳಿಸಬೇಕು.

ಆದರೆ ಪ್ರತ್ಯಯವನ್ನು ಕುರುಡಾಗಿ ನಂಬಲೂ ಕೂಡದು. ನಮ್ಮ ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಕ್ಷಯರೋಗದ ಆಸ್ಪತ್ರೆ 1921ರಲ್ಲಿ ಆರಂಭವಾದಾಗ ಕ್ಷಯದ ಕ್ರಿಮಿಯನ್ನು ಕೊಲ್ಲುವ ಮದ್ದು ಇರಲಿಲ್ಲ; ಒಳ್ಳೆಯ ಗಾಳಿ, ಆಹಾರ, ವಿಶ್ರಾಂತಿಗಳೇ ಆಧಾರವಾಗಿದ್ದುವು. 1943ರಲ್ಲಿ ಸ್ಟ್ರೆಪ್ಟೊಮೈಸಿನ್ ದೊರೆಯಿತು. ಇದರ ‘ಮೈಸಿನ್’ ಎಂಬ ಕೊನೆ ಮದ್ದಿನ ಕಾರ್ಯವನ್ನು ಹೇಳುವುದಿಲ್ಲ. ಸ್ಟ್ರೆಪ್ಟೊಮೈಸಿಸ್ ಎಂಬ ಮಣ್ಣಿನ ಸೂಕ್ಷ್ಮಜೀವಿಗಳಿಂದ ಬಂದದ್ದೆಂದು ಮಾತ್ರ ಸೂಚಿಸುತ್ತದೆ. ಎರಿಥ್ರೊಮೈಸಿನ್ನಿನ ಕೊನೆಯೂ ಅದೇ. ಆದರೆ ವರ್ಗ ಬೇರೆ, ಅಡ್ಡಪರಿಣಾಮಗಳೂ ಬೇರೆ.

ಹೆಸರಿನಲ್ಲಿ ಹುಟ್ಟಿದ ಮೂಲ ಉಳಿದುಕೊಂಡಿರುವುದಕ್ಕೆ ನಮ್ಮ ನೆಲದ ಉದಾಹರಣೆಯೂ ಇದೆ. ಸರ್ಪಗಂಧದ ಬೇರಿನಿಂದ 1952ರಲ್ಲಿ ಬೇರ್ಪಡಿಸಿದ ಸಾರಕ್ಕೆ ರಿಸರ್ಪಿನ್ ಎಂದು ಹೆಸರಾಯಿತು. ಆ ಗಿಡದ ಲ್ಯಾಟಿನ್ ಹೆಸರಿನ ‘ಸರ್ಪೆಂಟಿನಾ’ ಎಂಬ ಮಾತು ಅದರಲ್ಲಿ ಅಡಗಿದೆ. ನಮ್ಮ ‘ಸರ್ಪ’ವೂ ಆ ಮಾತೂ ಒಂದೇ ಬುಡದವು.

ಇನ್ನು ವರ್ಗೀಕರಣ. ಕಾರ್ಯವನ್ನು ನೋಡಿ ಮದ್ದುಗಳನ್ನು ಗುಂಪುಗೂಡಿಸುವುದು ನಮಗೆ ಹೊಸತಲ್ಲ. ಚರಕಸಂಹಿತೆಯಲ್ಲಿ ಹತ್ತು ಹತ್ತು ದ್ರವ್ಯಗಳ 50 ಗಣಗಳಿವೆ. ಜ್ವರಹರ, ಕಾಸಹರ, ಶೂಲಪ್ರಶಮನ, ಮೂತ್ರವಿರೇಚನೀಯ ಎಂಬುವು ಅವುಗಳಲ್ಲಿ ಕೆಲವು. ಮೈಸೂರಿನಲ್ಲಿ 1908ರಿಂದ ನಡೆದುಬಂದ ಆಯುರ್ವೇದ ಕಾಲೇಜಿನ ವಿದ್ಯಾರ್ಥಿಯೂ, 1930ರಲ್ಲಿ ಬೆಂಗಳೂರಿನಿಂದ ಇಲ್ಲಿಗೆ ಬಂದ ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಯೂ ಈ ಒಂದು ವಿಷಯದಲ್ಲಿ ಒಂದೇ ದಾರಿಯಲ್ಲಿ ನಡೆಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಪದ್ಧತಿಯಲ್ಲಿ ಮದ್ದುಗಳನ್ನು ಅವು ಕೆಲಸ ಮಾಡುವ ಅಂಗವನ್ನನುಸರಿಸಿ 14 ಮುಖ್ಯ ವರ್ಗಗಳಾಗಿ ವಿಂಗಡಿಸಿರುತ್ತಾರೆ. ಒಂದೇ ಮದ್ದು ಎರಡು ಕಡೆ ಬರುವುದೂ ಉಂಟು. ಆಸ್ಪಿರಿನ್ನನ್ನು ಹೆಚ್ಚು ಪ್ರಮಾಣದಲ್ಲಿ ಕೊಟ್ಟರೆ ನೋವು ಶಮನವಾಗುತ್ತದೆ. 75 ಮಿಲಿಗ್ರಾಮಿನಷ್ಟು ಕೊಡುವುದು ರಕ್ತ ಹೆಪ್ಪುಗಟ್ಟದಿರಲೆಂದು. ಆದುದರಿಂದ ‘ಇದು ಯಾವ ಮದ್ದು?’ ಎಂಬ ಪ್ರಶ್ನೆಯ ಜೊತೆಗೆ ‘ಈ ರೋಗಿಗೆ ಏತಕ್ಕೆ?’ ಎಂದೂ ಕೇಳಬೇಕು.

ಇನ್ನೊಂದು ವರ್ಗೀಕರಣ ಕಾನೂನಿನದು. 1940ರ ಔಷಧ ಶಾಸನವನ್ನೂ 1945ರ ನಿಯಮಗಳನ್ನೂ ಅನುಸರಿಸಿ, ಎಚ್ ಅನುಸೂಚಿಯ ಮದ್ದುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದು. 2013ರಲ್ಲಿ ಸೇರಿಸಿದ ಎಚ್1 ಅನುಸೂಚಿಯ ಮದ್ದುಗಳನ್ನು ಮಾರಿದಾಗ ಅಂಗಡಿಯವರು ರೋಗಿಯ ಹೆಸರನ್ನು ಪುಸ್ತಕದಲ್ಲಿ ಬರೆದಿಡಬೇಕು. ಇದು ದೇಹದ ವಿಚಾರವಲ್ಲ, ಅಪಾಯದ ಮತ್ತು ದುರುಪಯೋಗದ ವಿಚಾರ.

ಕೊನೆಗೆ ಒಂದೇ ಬಗೆಯಾಗಿ ಕೇಳಿಸುವ ಹೆಸರುಗಳ ಮಾತು. ಮೂತ್ರವನ್ನು ಹೆಚ್ಚಿಸುವ ಲಾಸಿಕ್ಸ್, ಹೊಟ್ಟೆಯ ಆಮ್ಲವನ್ನು ತಗ್ಗಿಸುವ ಲೋಸೆಕ್, ಇವೆರಡನ್ನೂ ಜನರು ಅದಲು ಬದಲು ಮಾಡಿದುದರಿಂದ ಅಮೆರಿಕದಲ್ಲಿ 1990ರಲ್ಲಿ ಲೋಸೆಕ್ಕಿನ ಹೆಸರನ್ನೇ ಬದಲಾಯಿಸಬೇಕಾಯಿತು. ಇವುಗಳ ಸಾಮಾನ್ಯನಾಮಗಳಾದ ಫ್ಯೂರೊಸೆಮೈಡ್ ಮತ್ತು ಒಮೆಪ್ರಜೋಲ್‌ಗಳಲ್ಲಿ ಈ ಭ್ರಾಂತಿಗೆ ಎಡೆಯೇ ಇಲ್ಲ.

ಶುಶ್ರೂಷೆಯ ವಿದ್ಯಾರ್ಥಿಗಳು ಇಷ್ಟನ್ನು ಅಭ್ಯಾಸ ಮಾಡಿಕೊಂಡರೆ ಸಾಕು. ಸೀಸೆಯನ್ನು ತೆಗೆದುಕೊಳ್ಳುವಾಗ ಸಾಮಾನ್ಯನಾಮವನ್ನು ಓದಬೇಕು. ಅದರ ವರ್ಗವನ್ನು ನೆನೆಯಬೇಕು. ರೋಗಿಗೆ ಯಾವ ಮದ್ದು ಒಗ್ಗದೆಂದು ಕೇಳಬೇಕು. ಬರವಣಿಗೆ ಸ್ಪಷ್ಟವಾಗಿಲ್ಲದಿದ್ದರೆ ಊಹಿಸದೆ ಬರೆದವರನ್ನೇ ಕೇಳಬೇಕು. ಹಾಗೆ ಕೇಳುವುದು ಹಿರಿಯರಿಗೆ ತೋರಿದ ಅವಿಧೇಯತೆಯೆಂದು ಯಾರೂ ಭಾವಿಸತಕ್ಕದ್ದಲ್ಲ.

ಮನೆಯಲ್ಲಿರುವ ನಾವಾದರೂ ಒಂದು ಕೆಲಸವನ್ನು ಮಾಡಬಹುದು. ಈ ಹೊತ್ತೇ ಮದ್ದಿನ ಡಬ್ಬಿಯನ್ನು ತೆಗೆದು, ಮನೆಯ ಹಿರಿಯರು ಸೇವಿಸುವ ಪ್ರತಿಯೊಂದು ಮದ್ದಿನ ಸಾಮಾನ್ಯನಾಮವನ್ನೂ ಪ್ರಮಾಣವನ್ನೂ ಒಂದು ಕಾಗದದಲ್ಲಿ ಬರೆಯೋಣ. ಯಾವುದಾದರೂ ಒಗ್ಗದಿದ್ದರೆ ಅದನ್ನು ಎಲ್ಲಕ್ಕಿಂತ ಮೇಲೆ ಬರೆಯೋಣ. ಆಸ್ಪತ್ರೆಗೆ ಹೋಗುವ ದಿನ ಆ ಕಾಗದವೂ ನಮ್ಮೊಡನೆ ಬರಲಿ.