ಬಿಸಿ ತಾಳದ ಹೊಳಪು

ಬಣ್ಣ ಬಳಿದ ಬಂಪರ್ ನೋಡಲು ಬಾನೆಟ್ಟಿನ ಮುಂದುವರಿಕೆಯಂತೆ ಕಂಡರೂ ಒಳಗಿರುವುದು ಪ್ಲಾಸ್ಟಿಕ್. ಬಿಚ್ಚಿ ತಿರುವಿ ಹಾಕಿದರೆ ಒಳಮೈಯಲ್ಲಿ ‘ಪಿಪಿ+ಇಪಿಡಿಎಂ’ ಎಂಬ ಅಚ್ಚು ಸಾಮಾನ್ಯವಾಗಿ ಸಿಗುತ್ತದೆ. ಪಾಲಿಪ್ರೊಪಿಲೀನ್‌ಗೆ ರಬ್ಬರಿನ ಗುಣದ ವಸ್ತುವನ್ನೂ ಎಷ್ಟೋ ಸಲ ಟಾಲ್ಕ್ ಪುಡಿಯನ್ನೂ ಬೆರೆಸಿ ಎರಕ ಹೊಯ್ದದ್ದು ಎಂದು ಅದರ ಅರ್ಥ. ಸಣ್ಣ ಗುದ್ದಿಗೆ ಬಾಗಿ ಮತ್ತೆ ನೆಟ್ಟಗಾಗುವ ಗುಣ ಬಂಪರಿಗೆ ಬಂದಿರುವುದು ಇದರಿಂದ. ಅದರ ಮೇಲಿನ ಬಣ್ಣಕ್ಕೆ ಪಾಲಿಷ್ ಹಾಕುವುದು ಕಷ್ಟವಾಗಿರುವುದೂ ಇದರಿಂದಲೇ. ಬಾನೆಟ್ಟಿನ ಮೇಲೆ ಚೆನ್ನಾಗಿ ಪಳಗಿದ ಕೈ ಕೂಡ ಬಂಪರಿನ ಮೂಲೆಯಲ್ಲಿ ಬಣ್ಣ ಸುಡುವುದುಂಟು.

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ಈ ತಾಪತ್ರಯ ಇರಲಿಲ್ಲ. ಆಗಿನ ಬಂಪರ್ ಕ್ರೋಮ್ ಹಾಕಿದ ಉಕ್ಕಿನ ಪಟ್ಟಿ, ಎಷ್ಟು ಉಜ್ಜಿದರೂ ತಾಳುತ್ತಿತ್ತು. ಅಮೆರಿಕದಲ್ಲಿ 1968ರ ಪಾಂಟಿಯಾಕ್ ಜಿಟಿಒ ಕಾರು ಮೈಬಣ್ಣದ್ದೇ ಆದ ಮೆತುವಾದ ಮುಂಬಂಪರ್ ತೊಟ್ಟು ಹೆಸರು ಮಾಡಿತು. ನಮ್ಮಲ್ಲಿ ಬಹುಕಾಲ ಅಗ್ಗದ ಮಾದರಿಗೆ ಕಪ್ಪು ಪ್ಲಾಸ್ಟಿಕ್, ದುಬಾರಿ ಮಾದರಿಗೆ ಮೈಬಣ್ಣದ ಬಂಪರ್ ಎಂಬ ಭೇದ ನಡೆಯಿತು. ಈಗ ಹೆಚ್ಚಿನ ಕಾರುಗಳಿಗೆ ಮೈಬಣ್ಣದ್ದೇ.

ಮೈಸೂರಿನ ಮಂಡಿ ಮೊಹಲ್ಲಾದಂಥ ಹಳೆಯ ಪೇಟೆಯಲ್ಲಿ ಕಾರಿನ ಬೇರೆ ಯಾವ ಭಾಗಕ್ಕಿಂತ ಮೊದಲು ಗೀರು ಬೀಳುವುದು ಬಂಪರಿನ ನಾಲ್ಕು ಮೂಲೆಗಳಿಗೆ. ಕಾರುಗಳು ಬರುವ ಮೊದಲೇ ಹುಟ್ಟಿದ ಇಕ್ಕಟ್ಟಿನ ಅಡ್ಡರಸ್ತೆಗಳು, ಸಾಮಾನು ಇಳಿಸುವ ಗೂಡ್ಸ್ ಆಟೊ, ಸಂದಿ ಸಿಕ್ಕಲ್ಲಿ ನುಗ್ಗುವ ಸ್ಕೂಟರಿನ ಹ್ಯಾಂಡಲ್, ಎಲ್ಲವೂ ಬಂಪರಿನ ಎತ್ತರದಲ್ಲೇ ತಗಲುತ್ತವೆ. ಆಯುಧ ಪೂಜೆ ಹತ್ತಿರವಾದಂತೆ ಊರಿಡೀ ವಾಹನಗಳನ್ನು ತಿಕ್ಕಿ ತೊಳೆಯುವ, ಪಾಲಿಷ್ ಮಾಡಿಸುವ ಭರಾಟೆ. ಅವಸರದಲ್ಲಿ ಬಣ್ಣ ಕೆಡುವುದೂ ಆ ವಾರವೇ ಹೆಚ್ಚು ಎಂದರೆ ತಪ್ಪಾಗದು.

ಕಷ್ಟದ ಮೂಲ ಶಾಖ. ಉಕ್ಕಿನ ತಗಡು ಬಿಸಿಯನ್ನು ಬೇಗ ಸುತ್ತಲಿಗೆ ಹರಡಿಬಿಡುತ್ತದೆ. ಪಾಲಿಪ್ರೊಪಿಲೀನ್ ಶಾಖವನ್ನು ಸಾಗಿಸುವುದು ಅದರ ಇನ್ನೂರರಲ್ಲಿ ಒಂದು ಪಾಲಿನಷ್ಟು ಮಾತ್ರ. ಹಾಗಾಗಿ ಪಾಲಿಷ್ ಮೆಶಿನ್ನಿನ ಪ್ಯಾಡು ಉಜ್ಜಿ ಹುಟ್ಟಿಸಿದ ಬಿಸಿ ಉಜ್ಜಿದ ಜಾಗದಲ್ಲೇ, ಬಣ್ಣದ ಪದರದಲ್ಲೇ ಸೇರಿಕೊಳ್ಳುತ್ತದೆ. ಪಾಲಿಪ್ರೊಪಿಲೀನ್ ಕರಗಲು 160 ಡಿಗ್ರಿ ಸೆಲ್ಸಿಯಸ್‌ ಆಸುಪಾಸು ಬೇಕು, ಆದರೆ ಅಷ್ಟರವರೆಗೆ ಬಣ್ಣ ಕಾಯುವುದಿಲ್ಲ. ಬಹಳ ಮೊದಲೇ ಬಣ್ಣದ ಮೇಲಿನ ‘ಕ್ಲಿಯರ್’ ಎಂಬ ಪಾರದರ್ಶಕ ಪದರ ಮೆದುವಾಗಿ ಪ್ಯಾಡಿಗೆ ಅಂಟುತ್ತದೆ, ಎಳೆದಂತೆ ಮಬ್ಬಾಗುತ್ತದೆ, ಸುಕ್ಕುಗಟ್ಟುತ್ತದೆ. ಕೆಳಗಿನ ಪ್ಲಾಸ್ಟಿಕ್ ಉಕ್ಕಿಗಿಂತ ಹಲವು ಪಟ್ಟು ಹಿಗ್ಗುವುದರಿಂದ ಬಣ್ಣದ ಹಿಡಿತವೂ ಸಡಿಲಾಗುತ್ತದೆ. ಬೆಂಗಳೂರು ರಸ್ತೆಯ ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವವರು ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ, ಉಜ್ಜಾಟದ ಬಿಸಿಯಲ್ಲೇ ಅದನ್ನು ಕರಗಿಸಿ ಮೆತ್ತಿ ಹೊಳಪು ತರುತ್ತಾರೆ. ಅಲ್ಲಿ ಕೆಲಸ ಮಾಡಿಕೊಡುವ ಬಿಸಿಯೇ ಇಲ್ಲಿ ಕೆಲಸ ಕೆಡಿಸುತ್ತದೆ.

ಬಣ್ಣದ ಪದರಗಳು ತೆಳು. ತಳದಲ್ಲಿ ಪ್ಲಾಸ್ಟಿಕ್ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಪಾರದರ್ಶಕ ಕ್ಲಿಯರ್. ಕಾರ್ಖಾನೆಯ ಕ್ಲಿಯರ್ ಸುಮಾರು 35ರಿಂದ 50 ಮೈಕ್ರಾನ್, ಅಂದರೆ ತಲೆಗೂದಲಿಗಿಂತ ತೆಳು. ಬಿಸಿಲಿನ ಅತಿನೇರಳೆ ಕಿರಣ ತಡೆಯುವ ಕೆಲಸವೂ ಇದರದ್ದೇ. ಪಾಲಿಷ್ ಎಂದರೆ ಈ ಕ್ಲಿಯರನ್ನೇ ಒಂದೆರಡು ಮೈಕ್ರಾನ್ ಸವೆಸಿ ಗೀರಿನ ಅಂಚನ್ನು ಮಟ್ಟ ಮಾಡುವುದು, ಹೊಸದಾಗಿ ಏನನ್ನೋ ಬಳಿಯುವುದಲ್ಲ. ಆದ್ದರಿಂದ ವರ್ಷ ವರ್ಷ ಕಾಂಪೌಂಡ್, ಅಂದರೆ ಪಾಲಿಷಿಗಿಂತ ಒರಟಾದ ಉಜ್ಜುವ ಪೇಸ್ಟ್, ಹಾಕಿಸುವುದು ಬಣ್ಣದ ಆಯುಷ್ಯವನ್ನು ಕಳೆದಂತೆ. ಎಷ್ಟು ಉಳಿದಿದೆ ಎಂದು ತಿಳಿಯುವುದೂ ಸುಲಭವಲ್ಲ. ತಗಡಿನ ಮೇಲೆ ಬಣ್ಣದ ದಪ್ಪ ಅಳೆಯುವ ಸಾಮಾನ್ಯ ಮೀಟರು ಪ್ಲಾಸ್ಟಿಕ್ ಮೇಲೆ ಏನನ್ನೂ ತೋರಿಸದು. ಅದಕ್ಕೆ ಶ್ರವಣಾತೀತ ಧ್ವನಿಯಿಂದ ಅಳೆಯುವ ದುಬಾರಿ ಉಪಕರಣ ಬೇಕು.

ಕೆಲಸಕ್ಕೆ ಕೈ ಹಚ್ಚುವ ಮೊದಲು ಬಣ್ಣದ ಜಾತಕ ನೋಡಬೇಕು. ಬಂಪರ್ ಕಾರ್ಖಾನೆಯದ್ದೋ, ಗ್ಯಾರೇಜಿನಲ್ಲಿ ಮತ್ತೆ ಬಳಿದದ್ದೋ? ಬಳಿದದ್ದಾದರೆ ಎನ್.ಸಿ. (ನೈಟ್ರೊಸೆಲ್ಯುಲೋಸ್) ಪೇಂಟೋ, ಪಿ.ಯು. (ಪಾಲಿಯುರೆಥೇನ್) ಪೇಂಟೋ? ಕಾಣದ ಅಂಚಿನಲ್ಲಿ ಥಿನ್ನರ್ ತೊಟ್ಟಿಕ್ಕಿಸಿದ ಬಟ್ಟೆಯಿಂದ ಒಮ್ಮೆ ಒರೆಸಿದರೆ ಎನ್.ಸಿ. ಬಣ್ಣ ಕರಗಿ ಬಟ್ಟೆಗೆ ಹತ್ತುತ್ತದೆ. ಚೆನ್ನಾಗಿ ಒಣಗಿದ ಪಿ.ಯು. ಜಗ್ಗುವುದಿಲ್ಲ. ಎನ್.ಸಿ. ಬಣ್ಣಕ್ಕೆ ಮೆಶಿನ್ ತೋರಿಸದಿರುವುದೇ ಲೇಸು. ಪಾಲಿಪ್ರೊಪಿಲೀನ್‌ಗೆ ಬಣ್ಣ ತಾನಾಗಿ ಹಿಡಿಯುವುದಿಲ್ಲ. ಪ್ಲಾಸ್ಟಿಕ್ ಪ್ರೈಮರ್ ಹಾಕದೆ ದುಡ್ಡು ಮಿಗಿಸಿದ ಕೆಲಸವಾಗಿದ್ದರೆ ಚಕ್ಕೆ ಎದ್ದ ಅಂಚಿಗೆ ಪ್ಯಾಡು ಸಿಕ್ಕ ಕೂಡಲೇ ಹಾಳೆ ಹಾಳೆಯಾಗಿ ಕಿತ್ತು ಬರುತ್ತದೆ.

ಗೀರಿನ ಆಳಕ್ಕೆ ಉಗುರೇ ಅಳತೆಗೋಲು. ಅಡ್ಡಲಾಗಿ ಎಳೆದಾಗ ಉಗುರು ಸಿಕ್ಕಿಕೊಂಡರೆ ಪಾಲಿಷ್ ಅದನ್ನು ಪೂರ್ತಿ ತೆಗೆಯಲಾರದು. ತಳದ ಕಪ್ಪು ಪ್ಲಾಸ್ಟಿಕ್ ಕಂಡರಂತೂ ಟಚಪ್ ಅಥವಾ ಮರುಬಣ್ಣವೇ ಗತಿ. ಎಷ್ಟೋ ಸಲ ಭಯಂಕರವಾಗಿ ಕಾಣುವ ಬಿಳಿ ಪಟ್ಟೆ ಗೀರೇ ಆಗಿರುವುದಿಲ್ಲ, ಉಜ್ಜಿ ಹೋದ ಗೋಡೆಯ ಅಥವಾ ಇನ್ನೊಂದು ಗಾಡಿಯ ಬಣ್ಣ ಅಂಟಿಕೊಂಡಿರುತ್ತದೆ. ಟಾರ್ ತೆಗೆಯುವ ದ್ರಾವಣ ಹಾಗೂ ಸ್ವಲ್ಪ ಪಾಲಿಷಿನಿಂದ ಕೈಯಲ್ಲೇ ಹೋಗುತ್ತದೆ.

ತೊಳೆಯುವುದರಲ್ಲಿ ಸೋಮಾರಿತನ ಸಲ್ಲದು. ಚಕ್ರ ಎಬ್ಬಿಸಿದ ಮಣ್ಣು, ಟಾರು ಬಂಪರಿನ ಕೆಳಭಾಗದಲ್ಲೇ ಹೆಚ್ಚು. ಪ್ಲಾಸ್ಟಿಕ್ ಉಜ್ಜಿದಾಗ ಸ್ಥಿರ ವಿದ್ಯುತ್ ಹುಟ್ಟಿ ಧೂಳನ್ನು ಮತ್ತೆ ಎಳೆದುಕೊಳ್ಳುತ್ತದೆ. ಒಂದು ಮರಳ ಕಣ ಪ್ಯಾಡಿನಡಿ ಸಿಕ್ಕರೂ ಹೊಸ ಗೀರುಗಳ ವೃತ್ತವೇ ಮೂಡುತ್ತದೆ. ಕಾರ್ ಶಾಂಪೂವಿನಿಂದ ತೊಳೆದು, ಕ್ಲೇ ಎಂಬ ಜೇಡಿಯಂಥ ಮೆತ್ತನೆಯ ಉಂಡೆಯಿಂದ ಉಳಿದ ಕೊಳೆ ಎತ್ತಿ, ಒಣಗಿಸಿದ ಮೇಲೆ ಮಾಸ್ಕಿಂಗ್ ಟೇಪಿನ ಸರದಿ. ಅಂಚು, ಏಣು, ನಂಬರ್ ಪ್ಲೇಟಿನ ಸುತ್ತು, ಪಾರ್ಕಿಂಗ್ ಸೆನ್ಸರ್, ಫಾಗ್ ಲ್ಯಾಂಪಿನ ಕಪ್ಪು ಪ್ಲಾಸ್ಟಿಕ್ ಎಲ್ಲಕ್ಕೂ ಟೇಪು. ಏಣುಗಳ ಮೇಲೆ ಬಣ್ಣ ಮೊದಲೇ ತೆಳು. ಬಣ್ಣವಿಲ್ಲದ ತರಿತರಿ ಪ್ಲಾಸ್ಟಿಕ್ಕಿಗೆ ಕಾಂಪೌಂಡ್ ತಾಗಿದರೆ ಬಿಳಿ ಕಲೆ ಕೂತು ಬ್ರಷ್ಷಿಗೂ ಸುಲಭವಾಗಿ ಬಗ್ಗದು.

ಮೆಶಿನ್‌ಗಳಲ್ಲಿ ಎರಡು ಬಗೆ. ಗ್ಯಾರೇಜುಗಳಲ್ಲಿ ಬಳಕೆಯಲ್ಲಿರುವ ರೋಟರಿ ಒಂದೇ ಅಕ್ಷದ ಮೇಲೆ ಗಿರಗಿರನೆ ಸುತ್ತುತ್ತದೆ. ಬೇಗ ಕತ್ತರಿಸುತ್ತದೆ, ಬೇಗ ಸುಡುತ್ತದೆ. ಡ್ಯುಯಲ್ ಆಕ್ಷನ್ ಮೆಶಿನ್ ಸುತ್ತುತ್ತಲೇ ಓಲಾಡುವುದರಿಂದ ಬಿಸಿ ಒಂದೆಡೆ ನಿಲ್ಲುವುದಿಲ್ಲ, ಒತ್ತಡ ಹೆಚ್ಚಾದರೆ ಅದರ ಸುತ್ತುವಿಕೆಯೇ ನಿಂತುಹೋಗುತ್ತದೆ. ಬಂಪರಿಗೆ ಇದೇ ಯೋಗ್ಯ. ರೋಟರಿಯೇ ಗತಿಯಾದರೆ ನಿಮಿಷಕ್ಕೆ 1000–1200 ಸುತ್ತು ಸಾಕು, ಉಣ್ಣೆಯ ಪ್ಯಾಡ್ ಬದಲು ಫೋಮ್, ಅದೂ ತಿರುವುಗಳಿಗೆ ಹೊಂದುವ ಮೂರಿಂಚಿನದ್ದು. ಪ್ಯಾಡು ಚಪ್ಪಟೆಯಾಗಿ ಕೂರಬೇಕು, ಮೆಶಿನ್ನಿನ ಭಾರಕ್ಕಿಂತ ಹೆಚ್ಚು ಒತ್ತಬಾರದು, ಒಂದೇ ಜಾಗದಲ್ಲಿ ನಿಲ್ಲಬಾರದು. ಒಂದು ಅಡಿ ಚೌಕದಷ್ಟು ಮುಗಿಸಿ ಹಿಂಗೈಯಿಂದ ಮುಟ್ಟಿ ನೋಡಬೇಕು. ಬೆಚ್ಚಗಿದ್ದರೆ ಸರಿ, ಕೈ ಹಿಂದೆಗೆಯುವಂತಿದ್ದರೆ ಆರಲು ಬಿಡಬೇಕು. ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ 50 ಡಿಗ್ರಿ ದಾಟದಂತೆ ನೋಡಿಕೊಳ್ಳುವುದು ಕ್ಷೇಮ. ಏಪ್ರಿಲ್ ಬಿಸಿಲಲ್ಲಿ ನಿಂತ ಕಪ್ಪು ಬಂಪರ್ ಮೆಶಿನ್ ಮುಟ್ಟುವ ಮೊದಲೇ ಅಷ್ಟು ಕಾದಿರಬಹುದು. ನೆರಳಿಲ್ಲದ ಬೀದಿಬದಿಯಲ್ಲಿ ಈ ಕೆಲಸ ಹಿಡಿಯಬಾರದು.

ಆರಂಭ ಯಾವಾಗಲೂ ನಯವಾದ ಪಾಲಿಷಿನಿಂದ, ಸಣ್ಣದೊಂದು ಜಾಗದ ಪರೀಕ್ಷೆಯಿಂದ. ಅದರಲ್ಲಿ ಗೀರು ಹೋದರೆ ಕಾಂಪೌಂಡಿನ ಅಗತ್ಯವೇ ಇಲ್ಲ. ಹೋಗದಿದ್ದಾಗ ಮಾತ್ರ ಕಾಂಪೌಂಡ್, ತೀರಾ ಮೊಂಡಾದ ಗೀರಿಗೆ 2000 ಅಥವಾ 3000 ನಂಬರಿನ ವಾಟರ್ ಪೇಪರ್ ನೀರಿನೊಡನೆ ಹಗುರವಾಗಿ. ಕ್ಲಿಯರ್ ಇರುವ ಬಂಪರಿನಲ್ಲಿ ಪ್ಯಾಡಿಗೆ ಕಾರಿನ ಬಣ್ಣ ಹತ್ತಿತೆಂದರೆ ಕ್ಲಿಯರ್ ಸವೆದುಹೋಗಿದೆ, ಅಲ್ಲಿಗೇ ನಿಲ್ಲಿಸಬೇಕು. ಕೊನೆಗೆ ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಎಣ್ಣೆಯಂಶ ಒರೆಸಿದರೆ ಗೀರು ನಿಜವಾಗಿ ಹೋಗಿದೆಯೋ, ಪಾಲಿಷಿನ ಜಿಡ್ಡಿನಡಿ ಅಡಗಿದೆಯೋ ಗೊತ್ತಾಗುತ್ತದೆ. ಈ ಹಂತ ಬಿಟ್ಟ ಪಾಲಿಷ್ ಗಿರಾಕಿ ಮನೆ ಮುಟ್ಟಿ ಎರಡು ಸಲ ಕಾರು ತೊಳೆಯುವವರೆಗೆ ಮಾತ್ರ ಚೆಂದ.

ಮೇಲೊಂದು ಮೇಣ ಅಥವಾ ಸೀಲೆಂಟ್ ಹಾಕಿದರೆ ಕೆಲಸ ಮುಗಿಯಿತು. ಹೊಸದಾಗಿ ಬಣ್ಣ ಹಾಕಿಸಿದ ಬಂಪರಿಗೆ ಮಾತ್ರ ಮೇಣಕ್ಕೆ ಸುಮಾರು ಒಂದು ತಿಂಗಳ ಬಿಡುವು ಬೇಕು, ಒಳಗಿನ ದ್ರಾವಕ ಆರಿಹೋಗಲು. ಆಯುಧ ಪೂಜೆಯ ಮರುದಿನ ಅರಿಶಿನ ಕುಂಕುಮವನ್ನು ಒಣಬಟ್ಟೆಯಿಂದ ಉಜ್ಜದೆ ಮೊದಲು ನೀರು ಹರಿಸಿ ನೆನೆಸಿ ತೊಳೆಯಬೇಕು.